ಕ್ಯಾರವಾನ್ ಎಳೆಯಲು ಯಾವ ಗಾಡಿ? ಘಾಟಿಯ ಬುಡದಲ್ಲಿರುವವರ ಲೆಕ್ಕಾಚಾರ

ಮಂಗಳೂರು, ಉಡುಪಿ ಕಡೆ ಟ್ರೈಲರ್ ಆಸೆ ಇಟ್ಟುಕೊಂಡವರಲ್ಲಿ ಎರಡು ಬಗೆ. ಕ್ಯಾರವಾನ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ, ಕಟ್ಟಿಕೊಂಡು ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋಗಿ ಮನೆಮಂದಿ ಜೊತೆ ನಾಲ್ಕು ದಿನ ಇದ್ದು ಬರಬೇಕು ಎನ್ನುವವರು ಒಂದು ಬಗೆ. ಫೈಬರ್ ದೋಣಿಯನ್ನು ಟ್ರೈಲರ್ ಮೇಲೆ ಹೇರಿಕೊಂಡು ಒಂದು ಭಾನುವಾರ ಫಲ್ಗುಣಿ ನದಿ, ಇನ್ನೊಂದು ಭಾನುವಾರ ಸ್ವರ್ಣಾ ನದಿ ಎಂದು ಸುತ್ತಬೇಕು ಎನ್ನುವವರು ಇನ್ನೊಂದು ಬಗೆ. ಇಬ್ಬರೂ ಕೇಳುವುದು ಒಂದೇ: ಯಾವ ಗಾಡಿ ತಗೊಳ್ಳುವುದು? ಇಬ್ಬರೂ ಮೊದಲು ತೆರೆದು ನೋಡುವುದೂ ಒಂದೇ: ಎಂಜಿನ್‌ನ ಪವರ್ ಎಷ್ಟು ಎಂಬ ಪಟ್ಟಿ.

ಆ ಪಟ್ಟಿಯಿಂದ ಶುರುಮಾಡಬೇಡಿ ಎಂಬುದೇ ನನ್ನ ಮೊದಲ ಮಾತು. ಈಗಿನ ದೊಡ್ಡ ಡೀಸೆಲ್ ಎಂಜಿನ್‌ಗಳಿಗೆ ಒಂದು ಟನ್, ಒಂದೂವರೆ ಟನ್ ಎಳೆಯುವುದು ಕಷ್ಟವೇ ಅಲ್ಲ. ಎಳೆದುಕೊಂಡು ಹೋದದ್ದನ್ನು ಇಳಿಜಾರಿನಲ್ಲಿ ತಡೆದು ಹಿಡಿಯಬೇಕು, ತಿರುವಿನಲ್ಲಿ ಅದು ಗಾಡಿಯ ಹಿಂಭಾಗವನ್ನು ದೂಡದ ಹಾಗೆ ನೋಡಿಕೊಳ್ಳಬೇಕು. ಗಾಡಿಗಳ ನಡುವೆ ನಿಜವಾದ ಅಂತರ ಕಾಣುವುದು ಅಲ್ಲಿ. ನಾವಿರುವುದು ಸಮುದ್ರದ ಮಟ್ಟದಲ್ಲಿ. 66ರ ಹೆದ್ದಾರಿಯಲ್ಲಿ ಕುಂದಾಪುರಕ್ಕೋ ಕಾರವಾರಕ್ಕೋ ಹೋಗುವುದಾದರೆ ಹೆಚ್ಚುಕಡಿಮೆ ಸಮತಟ್ಟು. ಪೂರ್ವಕ್ಕೆ ಎಲ್ಲಿಗೆ ಹೊರಟರೂ ಘಾಟಿ ಹತ್ತಲೇಬೇಕು, ಬರುವಾಗ ಇಳಿಯಲೇಬೇಕು.

ಗಾಡಿಗಿಂತ ಮೊದಲು ಟ್ರೈಲರ್ ತೂಗಿ

ಕಂಪನಿಯವರು ಹೇಳುವ ತೂಕ ಖಾಲಿ ಟ್ರೈಲರಿನದು. ಅದಕ್ಕೆ 80 ಲೀಟರ್ ನೀರು ತುಂಬಿಸಿದರೆ 80 ಕೆ.ಜಿ. ಸೇರಿತು. 14.2 ಕೆ.ಜಿ.ಯ ಗ್ಯಾಸ್ ಸಿಲಿಂಡರ್ ಇಟ್ಟರೆ ಕಬ್ಬಿಣವೂ ಸೇರಿ ಸುಮಾರು 30 ಕೆ.ಜಿ. ಬ್ಯಾಟರಿ, ಎ.ಸಿ., ಹಾಸಿಗೆ, ಪಾತ್ರೆ ಪಗಡ, ಹೊರಗೆ ಹಾಕುವ ಕುರ್ಚಿ, ಮಕ್ಕಳ ಸೈಕಲ್ಲು. ಸಾವಿರ ಕೆ.ಜಿ. ಎಂದು ತಂದದ್ದು ರಸ್ತೆಗಿಳಿಯುವಾಗ ಸಾವಿರದ ಮುನ್ನೂರು ಆಗಿರುತ್ತದೆ. ದೋಣಿಯೂ ಹಾಗೆಯೇ: ಔಟ್‌ಬೋರ್ಡ್ ಎಂಜಿನ್, ಇಂಧನ, ಆ್ಯಂಕರ್, ಐಸ್ ಪೆಟ್ಟಿಗೆ ಎಲ್ಲ ಸೇರಿದ ಮೇಲಿನ ತೂಕವೇ ಲೆಕ್ಕ.

ಬೈಕಂಪಾಡಿ ಆಸುಪಾಸಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ಗಳಿವೆ. ಪ್ರವಾಸಕ್ಕೆ ಹೊರಡುವ ಹಾಗೆಯೇ ತುಂಬಿಸಿಕೊಂಡು ಹೋಗಿ, ಟ್ರೈಲರನ್ನು ಕಳಚಿ ಒಮ್ಮೆ, ಕಟ್ಟಿ ಒಮ್ಮೆ ತೂಗಿಸಿ. ಹಿಚ್ (ಗಾಡಿಯ ಹಿಂದೆ ಟ್ರೈಲರ್ ಸಿಕ್ಕಿಸುವ ಜಾಗ) ಮೇಲೆ ಕೂರುವ ಭಾರವನ್ನು ತೂಗಲು ಅಷ್ಟು ದೊಡ್ಡ ತಕ್ಕಡಿ ಆಗುವುದಿಲ್ಲ. ಅಡಿಕೆ ಅಂಗಡಿಯಲ್ಲಿ ಮೂಟೆ ತೂಗುವ ಪ್ಲಾಟ್‌ಫಾರಂ ತಕ್ಕಡಿ ಇದ್ದರೆ ಸಾಕು. ಸಮತಟ್ಟಾದ ಜಾಗದಲ್ಲಿ ಟ್ರೈಲರ್ ಚಕ್ರಕ್ಕೆ ಅಡೆ ಕೊಟ್ಟು, ಮುಂದಿನ ಕೊಂಡಿ ಗಾಡಿಯ ಬಾಲ್ (ಆ ಕೊಂಡಿ ಕೂರುವ ಹಿಚ್‌ನ ಗುಂಡು) ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಬರುವ ಹಾಗೆ ತಕ್ಕಡಿಯ ಮೇಲೆ ಮರದ ತುಂಡು ನಿಲ್ಲಿಸಿ ಕೂರಿಸಿ. ಅಮೆರಿಕದಲ್ಲಿ ಒಟ್ಟು ಭಾರದ 10ರಿಂದ 15 ಶೇಕಡಾ ಹಿಚ್ ಮೇಲಿರಬೇಕು ಎನ್ನುತ್ತಾರೆ, ಯೂರೋಪಿನಲ್ಲಿ ಅದಕ್ಕಿಂತ ಕಡಿಮೆಯಲ್ಲಿ ನಡೆಸುತ್ತಾರೆ. ಆದರೆ ಗಾಡಿಯ ಹಿಚ್‌ಗೆ ಕೊಟ್ಟ ಗರಿಷ್ಠ ಮಿತಿಯನ್ನು ಎಲ್ಲಿಯೂ ದಾಟುವ ಹಾಗಿಲ್ಲ. ತೀರಾ ಕಡಿಮೆಯಾಗಿ ಭಾರವೆಲ್ಲ ಹಿಂದೆ ಬಿದ್ದರೆ ಟ್ರೈಲರ್ ಬಾಲ ಬೀಸಲು ಶುರುಮಾಡುತ್ತದೆ.

ಈ ಭಾರ ಗಾಡಿಯ ಹೊರೆಯ ಲೆಕ್ಕಕ್ಕೂ ಸೇರುತ್ತದೆ, ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. 1,500 ಕೆ.ಜಿ. ಟ್ರೈಲರಿನ ಹತ್ತು ಶೇಕಡಾ ಎಂದರೆ 150 ಕೆ.ಜಿ. ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು, ಅದರ ಮೇಲೆ ಹಿಂದಿನ ಆ್ಯಕ್ಸಲ್‌ಗಿಂತಲೂ ಹಿಂದೆ, ಗಾಡಿಯ ತುದಿಯಲ್ಲಿ ಈ 150. ಗಾಡಿಯ ಮೂತಿ ಮೇಲೇಳುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ.

ಇಳಿಯುವಾಗ ಆಗುವುದೇನು

ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿಂದ ಶಿರಾಡಿ ಘಾಟಿ ಇಳಿದು ಕರಾವಳಿ ತಲುಪುವಷ್ಟರಲ್ಲಿ ನೀವು 800 ಮೀಟರಿಗಿಂತ ಹೆಚ್ಚು ಕೆಳಗೆ ಬಂದಿರುತ್ತೀರಿ. ಗಾಡಿ, ಜನ, ಸಾಮಾನು, ಟ್ರೈಲರ್ ಎಲ್ಲ ಸೇರಿ 3,900 ಕೆ.ಜಿ. ಎಂದುಕೊಳ್ಳಿ. ಇಷ್ಟು ತೂಕ 800 ಮೀಟರ್ ಇಳಿದರೆ ಸುಮಾರು 3 ಕೋಟಿ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬಚ್ಚಲಿನ ಹಂಡೆಗೆ 100 ಲೀಟರ್ ತಣ್ಣೀರು ತುಂಬಿಸಿ ಕುದಿಬರುವ ತನಕ ಕಾಯಿಸುವಷ್ಟು ಶಾಖ ಅದು. ಗಾಳಿಯ ತಡೆ, ಟಯರಿನ ತಿಕ್ಕಾಟ ಸ್ವಲ್ಪ ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವೇ ಬ್ರೇಕ್ ಹಿಡಿಯಬೇಕು.

ಬ್ರೇಕಿಗೇ ಬಿಟ್ಟರೆ ಪ್ಯಾಡ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದಷ್ಟೂ ಗಾಡಿ ನಿಲ್ಲದ ಸ್ಥಿತಿ ಬರುತ್ತದೆ. ಅದಕ್ಕಾಗಿ ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಬೇಕು, ಎಂಜಿನ್ ಕೂಗಲಿ ಬಿಡಿ. ಗೇರನ್ನು ಕೈಯಿಂದ ಹಿಡಿದಿಡಲು ಬಿಡುವ ಮ್ಯಾನುವಲ್ ಅಥವಾ ಮ್ಯಾನುವಲ್ ಮೋಡ್ ಇರುವ ಆಟೋಮ್ಯಾಟಿಕ್ ಬೇಕೇಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಟ್ರೈಲರಿಗೆ ತನ್ನದೇ ಬ್ರೇಕ್ ಇರಬೇಕು. ಯೂರೋಪಿನಲ್ಲಿ 750 ಕೆ.ಜಿ. ಮೀರಿದ ಟ್ರೈಲರಿಗೆ ಬ್ರೇಕ್ ಕಡ್ಡಾಯ. ಇಲ್ಲಿ ಘಾಟಿ ಇಳಿಯುವ ನಮಗೆ ಅದಕ್ಕಿಂತ ಸಡಿಲವಾದ ಅಳತೆ ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ. ಗಾಡಿ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತಿ ತಾನೇ ಬ್ರೇಕ್ ಹಾಕಿಕೊಳ್ಳುವ ಓವರ್‌ರನ್ ಬ್ರೇಕ್ ಸರಳ, ಆದರೆ ಉದ್ದದ ಇಳಿಜಾರಿನಲ್ಲಿ ಅದು ಒತ್ತಿಕೊಂಡೇ ಇದ್ದು ಬಿಸಿಯಾಗುತ್ತದೆ. ನಡುವೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಬೇಕು. ಡ್ರೈವರ್ ಕೈಯಲ್ಲೇ ಕಂಟ್ರೋಲ್ ಇರುವ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು. ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಎಳೆಯುವ ತಂತಿ, ಅಡ್ಡ ಹಾಕಿ ಕಟ್ಟುವ ಎರಡು ಸರಪಳಿ, ಇವುಗಳಲ್ಲಿ ಚೌಕಾಶಿ ಬೇಡ.

ಗಾಡಿಗಳು ಒಂದೊಂದಾಗಿ

ಮೊದಲು ಒಂದು ಎಚ್ಚರಿಕೆ. ಹೈಲಕ್ಸ್ 3,500 ಕೆ.ಜಿ. ಎಳೆಯುತ್ತದೆ ಎಂಬ ವಿಡಿಯೋ ನೀವು ನೋಡಿರಬಹುದು. ಅದು ಆಸ್ಟ್ರೇಲಿಯ, ಬ್ರಿಟನ್ ಮಾರುಕಟ್ಟೆಯಲ್ಲಿ, ಬ್ರೇಕ್ ಇರುವ ಟ್ರೈಲರಿಗೆ, ಅಲ್ಲಿನ ಹಿಚ್‌ಗೆ ಕಂಪನಿ ಕೊಟ್ಟ ಅಂಕಿ. ಅದನ್ನು ಇಲ್ಲಿನ ಗಾಡಿಗೆ ಹಾಗೆಯೇ ಅಂಟಿಸುವ ಹಾಗಿಲ್ಲ. ನಿಮ್ಮ ಗಾಡಿಯ ಮಾಲೀಕರ ಕೈಪಿಡಿಯಲ್ಲಿ ಎಳೆಯುವ ಮಿತಿ ಬರೆದಿದ್ದರೆ ಅದೇ ಅಂತಿಮ. ಬರೆದಿಲ್ಲದಿದ್ದರೆ ಶೋರೂಮಿನ ಬಾಯಿಮಾತು ಸಾಲದು, ಕಂಪನಿಯಿಂದ ಲಿಖಿತವಾಗಿ ತರಿಸಿ. ಬೇಡ ಎಂದು ಬರೆದಿದ್ದರೆ ಆ ಗಾಡಿಯ ಆಸೆ ಬಿಡಿ.

ಹೊರೆ ತುಂಬಿದ ಟ್ರೈಲರ್ ಒಂದು ಟನ್ ದಾಟುತ್ತದೆ ಎಂದಾದರೆ ನನ್ನ ಮೊದಲ ಆಯ್ಕೆ ಪಿಕಪ್. ಟೊಯೋಟಾ ಹೈಲಕ್ಸ್ 2022ರಲ್ಲಿ ಇಲ್ಲಿಗೆ ಬಂತು; 2.8 ಲೀಟರ್ ಡೀಸೆಲ್, 204 ಪಿ.ಎಸ್. ಪವರ್, ಆಟೋಮ್ಯಾಟಿಕ್‌ನಲ್ಲಿ 500 ಎನ್.ಎಂ. ಟಾರ್ಕ್ (ಚಕ್ರ ತಿರುಗಿಸುವ ಬಲ), ಮ್ಯಾನುವಲ್‌ನಲ್ಲಿ 420. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ನದು 1.9 ಲೀಟರ್, 163 ಪಿ.ಎಸ್., 360 ಎನ್.ಎಂ. ಕಾಗದದಲ್ಲಿ ಹೈಲಕ್ಸ್ ಬಹಳ ಮುಂದಿದೆ, ಒಂದೂವರೆ ಟನ್ ಕಟ್ಟಿಕೊಂಡು ಶಿರಾಡಿ ಹತ್ತುವಾಗ ಆ ವ್ಯತ್ಯಾಸ ಗೊತ್ತೂ ಆಗುತ್ತದೆ. ಆದರೆ ಈ ಎರಡರ ನಿಜವಾದ ಬಲ ಬೇರೆ ಕಡೆ ಇದೆ. ಹೈಲಕ್ಸ್‌ನ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ 3,085 ಮಿ.ಮೀ., ವಿ-ಕ್ರಾಸ್‌ನದು 3,095. ಈ ವ್ಹೀಲ್‌ಬೇಸ್ ಉದ್ದವಿದ್ದಷ್ಟೂ ಹಿಂದಿನ ಟ್ರೈಲರ್ ಗಾಡಿಯನ್ನು ಅಲ್ಲಾಡಿಸುವುದು ಕಷ್ಟ. ಹಿಂದೆ ಪಟ್ಟಿ ಸ್ಪ್ರಿಂಗ್, ಕೆಳಗೆ ಗಟ್ಟಿ ಚಾಸಿ, ಅಂದರೆ ಭಾರ ಹೊರುವ ಉಕ್ಕಿನ ಚೌಕಟ್ಟು. ಖಾಲಿ ಇದ್ದಾಗ ನಮ್ಮ ಒಳರಸ್ತೆಗಳಲ್ಲಿ ಕುಲುಕಿ ಹಾಕುವ ಆ ಪಟ್ಟಿಗಳೇ ಹಿಚ್ ಮೇಲೆ ಭಾರ ಕೂತಾಗ ಹದಕ್ಕೆ ಬರುತ್ತವೆ. ತೊಂದರೆ ಏನೆಂದರೆ ಉದ್ದ. ಹೈಲಕ್ಸ್ ಒಂದೇ 5.3 ಮೀಟರ್, ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯ ರಥಬೀದಿ ಸುತ್ತಮುತ್ತಲೋ ದಿನನಿತ್ಯ ಓಡಿಸುವವರಿಗೆ ಪಾರ್ಕಿಂಗ್ ತಲೆನೋವು. ಖರೀದಿಗೆ ಮುಂಚೆ ವೈಟ್ ಬೋರ್ಡ್ ಸಿಗುತ್ತದೆಯೇ, ತೆರಿಗೆ ಎಷ್ಟು ಎಂದೂ ಕೇಳಿಕೊಳ್ಳಿ.

ಮನೆಯಲ್ಲಿ ಒಂದೇ ಗಾಡಿ, ಏಳು ಜನ ಕೂರಬೇಕು ಎನ್ನುವವರಿಗೆ ಫಾರ್ಚುನರ್ ಡೀಸೆಲ್. ಹೈಲಕ್ಸ್‌ನದೇ ಎಂಜಿನ್, ಅದೇ ಟಾರ್ಕ್. ವ್ಹೀಲ್‌ಬೇಸ್ 2,745 ಮಿ.ಮೀ., ಹಿಂದೆ ಕಾಯಿಲ್ ಸ್ಪ್ರಿಂಗ್. ಕೂರುವವರಿಗೆ ಸುಖ, ಹಿಚ್ ಭಾರಕ್ಕೆ ಪಿಕಪ್‌ಗಿಂತ ಬೇಗ ಕುಸಿಯುತ್ತದೆ. ಏಳು ಜನ ಕೂತು ಭಾರದ ಟ್ರೈಲರನ್ನೂ ಎಳೆಯುತ್ತೇನೆ ಎಂದರೆ ಹೊರೆಯ ಮಿತಿ ದಾಟುವುದು ಹೆಚ್ಚುಕಡಿಮೆ ಖಂಡಿತ. ನಾಲ್ಕು ಜನ ಮತ್ತು ಟ್ರೈಲರ್, ಅಥವಾ ಏಳು ಜನ ಮಾತ್ರ.

ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಸ್ಕಾರ್ಪಿಯೊ-ಎನ್ ಡೀಸೆಲ್ ನನಗೆ ಬಹಳ ಹಿಡಿಸುತ್ತದೆ. 175 ಪಿ.ಎಸ್., ಮ್ಯಾನುವಲ್‌ನಲ್ಲಿ 370, ಆಟೋಮ್ಯಾಟಿಕ್‌ನಲ್ಲಿ 400 ಎನ್.ಎಂ.; ಚಾಸಿ ಇದೆ; 2,750 ಮಿ.ಮೀ. ವ್ಹೀಲ್‌ಬೇಸ್, ಬೇಕಾದರೆ ಫೋರ್ ವ್ಹೀಲ್ ಡ್ರೈವ್. ಕೆಳಗಿನ ವೇರಿಯಂಟ್‌ಗಳಲ್ಲಿ ಅದೇ ಎಂಜಿನ್ನನ್ನು 132 ಪಿ.ಎಸ್.ಗೆ ಇಳಿಸಿ ಕೊಟ್ಟಿದ್ದಾರೆ, ಅದನ್ನು ನೋಡಿ ತಗೊಳ್ಳಿ. ಒಂದು ಟನ್ನಿನ ಆಚೀಚೆಯ ಟ್ರೈಲರ್, ವರ್ಷಕ್ಕೆ ಕೆಲವು ಸಲ ಘಾಟಿ, ಉಳಿದ ದಿನ ಆಫೀಸು ಮನೆ. ಇಂಥವರಿಗೆ ಫಾರ್ಚುನರ್‌ನಷ್ಟು ಹಣ ಸುರಿಯುವ ಅಗತ್ಯ ಕಾಣುವುದಿಲ್ಲ.

ಇನೋವಾ ಕ್ರಿಸ್ಟಾ ನಮ್ಮ ಜಿಲ್ಲೆಗಳ ಪರಿಚಿತ ಮುಖ. 2.4 ಡೀಸೆಲ್, 150 ಪಿ.ಎಸ್., 343 ಎನ್.ಎಂ., ಚಾಸಿ, ಹಿಂದಿನ ಚಕ್ರಕ್ಕೆ ಶಕ್ತಿ. ಹಗುರ ಟ್ರೈಲರಿಗೆ ಪರವಾಗಿಲ್ಲ. ಹೆದ್ದಾರಿ ಬಿಟ್ಟು ಮಣ್ಣಿಗಿಳಿದರೆ ಫೋರ್ ವ್ಹೀಲ್ ಡ್ರೈವ್ ಇಲ್ಲದ ಕೊರತೆ ಕಾಡುತ್ತದೆ. ಹೆಸರು ಒಂದೇ ಎಂದು ಹೈಕ್ರಾಸ್‌ಗೆ ಹೋಗಬೇಡಿ. ಅದು ಬೇರೆ ಚಾಸಿ ಇಲ್ಲದೆ ಮೈಯೇ ಭಾರ ಹೊರುವ ಮೊನೊಕಾಕ್, ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೆ ಹೋಗುವ ಗಾಡಿ.

ಥಾರ್ ಬಗ್ಗೆ ಹುಡುಗರು ತುಂಬ ಕೇಳುತ್ತಾರೆ. ಎಂಜಿನ್ ಸಾಲದು ಎಂದಲ್ಲ, 2.2 ಡೀಸೆಲ್‌ಗೆ 300 ಎನ್.ಎಂ. ಇದೆ. ಆದರೆ ಮೂರು ಬಾಗಿಲಿನ ಥಾರ್‌ನ ವ್ಹೀಲ್‌ಬೇಸ್ 2,450 ಮಿ.ಮೀ. ಮಾತ್ರ. ಗಿಡ್ಡ ಗಾಡಿಯ ಹಿಂದೆ ಉದ್ದದ ಕ್ಯಾರವಾನ್ ಕಟ್ಟಿ ಕೂಳೂರು ಸೇತುವೆ ಮೇಲೆ ಅಡ್ಡಗಾಳಿಗೆ ಸಿಕ್ಕರೆ, ಅಥವಾ ಎಕ್ಸ್‌ಪ್ರೆಸ್ ಬಸ್ಸೊಂದು ಪಕ್ಕದಲ್ಲೇ ಬೀಸಿಕೊಂಡು ಹೋದರೆ, ಟ್ರೈಲರ್ ಗಾಡಿಯನ್ನು ಆಡಿಸುತ್ತದೆ. ಸಣ್ಣ ದೋಣಿಗೆ ಥಾರ್ ಚೆನ್ನಾಗಿದೆ, ಕ್ಯಾರವಾನಿಗೆ ಬೇಡ. ಥಾರ್ ರಾಕ್ಸ್ 2,850 ಮಿ.ಮೀ. ಇರುವುದರಿಂದ ಅದರ ಮಾತು ಬೇರೆ. ಐದು ಬಾಗಿಲಿನ ಗೂರ್ಖಾ ಸಹ 2,825 ಮಿ.ಮೀ.; 2024ರಿಂದ 140 ಪಿ.ಎಸ್., 320 ಎನ್.ಎಂ.; ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್, ಅಂದರೆ ಒಂದು ಚಕ್ರ ಜಾರಿದರೂ ಜೊತೆಯ ಚಕ್ರಕ್ಕೆ ಶಕ್ತಿ ತಪ್ಪದ ಹಾಗೆ ಮಾಡುವ ವ್ಯವಸ್ಥೆ. ಜಿಮ್ನಿಯ ಪೆಟ್ರೋಲ್ ಎಂಜಿನ್ನಿಗೆ ಇರುವುದು 134 ಎನ್.ಎಂ., ಭಾರದ ಟ್ರೈಲರಿನ ಮಾತೇ ಬೇಡ.

ಹ್ಯಾರಿಯರ್, ಸಫಾರಿ, ಎಕ್ಸ್‌ಯುವಿ700 ಓಡಿಸಲು ಚಂದದ ಗಾಡಿಗಳು, ಟಾರ್ಕ್ ಕೂಡ ಧಾರಾಳ. ಮೊನೊಕಾಕ್ ಗಾಡಿ ಎಳೆಯಲೇಬಾರದು ಎಂದೇನಿಲ್ಲ, ಯೂರೋಪಿನಲ್ಲಿ ಅಂಥವೇ ಕ್ಯಾರವಾನ್ ಎಳೆಯುತ್ತವೆ. ಅಲ್ಲಿ ಆ ಗಾಡಿಗೆಂದೇ ಪರೀಕ್ಷಿಸಿದ ಹಿಚ್ ಸಿಗುತ್ತದೆ, ಕೂರಿಸುವ ಜಾಗವನ್ನು ಕಂಪನಿಯೇ ಗುರುತಿಸಿರುತ್ತದೆ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಕೊಂಡಿಯನ್ನು ತೆಳು ತಗಡಿಗೆ ಬೋಲ್ಟ್ ಹಾಕಿ ಒಂದು ಟನ್ ನೇತುಹಾಕುವುದು ಬೇರೆ ಸಂಗತಿ.

ದೋಣಿ ಇಳಿಸುವವರಿಗೆ

ದೋಣಿಯವರಿಗೆ ಘಾಟಿಗಿಂತ ದೊಡ್ಡ ಪರೀಕ್ಷೆ ನೀರಿನಂಚಿನ ಇಳಿಜಾರು. ಉಬ್ಬರ ಇಳಿದ ಮೇಲೆ ಆ ಕಾಂಕ್ರೀಟಿನ ಕೆಳಗಿನ ಅರ್ಧವನ್ನು ನೋಡಿ: ಹಸಿರು ಪಾಚಿ, ಅದರ ಮೇಲೆ ತೆಳ್ಳಗೆ ಕೆಸರು, ಚಪ್ಪಲಿ ಹಾಕಿಕೊಂಡು ನಿಲ್ಲಲಿಕ್ಕೂ ಆಗುವುದಿಲ್ಲ. ಅಲ್ಲಿಂದ ನೀರು ಸುರಿಸುವ ದೋಣಿಯನ್ನು ಮೇಲಕ್ಕೆಳೆಯಬೇಕು. ಹಿಚ್ ಭಾರ ಮುಂದಿನ ಚಕ್ರಗಳನ್ನು ಹಗುರ ಮಾಡುವುದರಿಂದ ಮುಂದಿನ ಚಕ್ರದ ಗಾಡಿ ಅಲ್ಲೇ ತಿರುಗುತ್ತಾ ನಿಲ್ಲುತ್ತದೆ. ಹಿಂದಿನ ಚಕ್ರದ ಗಾಡಿಗೆ ಭಾರವೇನೋ ಸಿಗುತ್ತದೆ, ಆದರೆ ಪಾಚಿಯ ಮೇಲೆ ನಿಂತಿರುವುದು ಅದೇ ಚಕ್ರ. ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಗೇರ್) ಇರುವ ಫೋರ್ ವ್ಹೀಲ್ ಡ್ರೈವ್‌ನಲ್ಲಿ ಮುಂದಿನ ಚಕ್ರಗಳು ಒಣಗಿದ ಜಾಗದಲ್ಲಿ ಹಿಡಿತ ಹುಡುಕಿಕೊಳ್ಳುತ್ತವೆ, ಕ್ಲಚ್ಚಿಗೂ ಸುಖ. ದೋಣಿಗೆಂದೇ ಗಾಡಿ ತಗೊಳ್ಳುವವರು ಪವರ್ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ, ಲೋ ರೇಂಜ್ ಬಿಡಬೇಡಿ.

ಉಪ್ಪುನೀರು ಟ್ರೈಲರನ್ನು ತಿನ್ನುವುದು ಹಬ್‌ನಿಂದ, ಅಂದರೆ ಬೇರಿಂಗ್ ಇರುವ ಚಕ್ರದ ನಡುಭಾಗದಿಂದ ಶುರು. ಓಡಿ ಬಿಸಿಯಾದ ಹಬ್ಬನ್ನು ನೇರ ತಣ್ಣೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ಉಪ್ಪುನೀರು ಬೇರಿಂಗಿಗೆ ಎಳೆದುಕೊಳ್ಳುತ್ತದೆ. ಹಬ್ ಮೇಲೆ ಕೈಯಿಟ್ಟು ನೋಡಿ, ಬಿಸಿ ಆರಿದ ಮೇಲೆ ಇಳಿಸಿ, ಲೈಟಿನ ಪ್ಲಗ್ ಕಳಚಿಡಿ, ಮನೆಗೆ ಬಂದು ಬ್ರೇಕ್ ಡ್ರಮ್ಮಿಗೂ ಗಾಡಿಯ ಅಡಿಗೂ ಸಿಹಿನೀರು ಹೊಡೆಯಿರಿ.

ಗೇರ್‌ಬಾಕ್ಸ್, ದಾರಿ, ಕಾಗದ

ಶಿರಾಡಿಯಲ್ಲಿ ಗ್ಯಾಸಿನ ಬುಲೆಟ್ ಟ್ಯಾಂಕರ್‌ಗಳ ಸಾಲಿನ ಹಿಂದೆ ಏರಿನಲ್ಲಿ ನಿಂತು ನಿಂತು ಹೋಗುವುದು ಹೊಸತೇನಲ್ಲ. ಟ್ರೈಲರ್ ಕಟ್ಟಿಕೊಂಡು ಪ್ರತಿ ಸಲ ಏರಿನಲ್ಲಿ ಹೊರಡುವಾಗ ಮ್ಯಾನುವಲ್ ಗಾಡಿಯ ಕ್ಲಚ್ ಸವೆಯುತ್ತದೆ. ಕ್ಲಚ್ಚಿನ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಅಲ್ಲಿ ಮೆತ್ತಗೆ, ಬಲವಾಗಿ ಹೊರಡುತ್ತದೆ. ಅದರ ಆಯಿಲ್ ಬಿಸಿಯಾಗುತ್ತದೆ ಎಂಬುದು ನೆನಪಿರಲಿ, ಆಯಿಲ್ ಬದಲಿಸುವ ಅವಧಿಯನ್ನು ಹತ್ತಿರಕ್ಕೆ ತನ್ನಿ. ಎರಡರಲ್ಲಿ ನನ್ನ ಓಟು ಆಟೋಮ್ಯಾಟಿಕ್‌ಗೆ.

ದಾರಿಯಲ್ಲಿ ಆಯ್ಕೆ ಹೆಚ್ಚಿಲ್ಲ. ಶಿರಾಡಿಯ ಕಾಂಕ್ರೀಟ್ ರಸ್ತೆಯೇ ಟ್ರೈಲರಿಗೆ ಸರಿ. ಚಾರ್ಮಾಡಿ ಇಕ್ಕಟ್ಟು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಿಗೆ ಕ್ಯಾರವಾನ್ ಕಟ್ಟಿಕೊಂಡು ಹೋಗಲೇಬೇಡಿ. ಗಾಡಿ ತಿರುಗಿದಾಗ ಟ್ರೈಲರಿನ ಚಕ್ರ ಒಳಗಿನಿಂದ ಅಡ್ಡ ಹಾಯುತ್ತದೆ, ಹೊರಗಿನಿಂದ ತಿರುಗಿಸಹೋದರೆ ಎದುರು ಬರುವ ಬಸ್ಸಿಗೆ ಜಾಗವಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಬಂದ್ ಆಗುವುದು ನಮಗೆಲ್ಲ ಗೊತ್ತು. ಆ ನಾಲ್ಕು ತಿಂಗಳು ಟ್ರೈಲರ್ ಶೆಡ್ಡಿನಲ್ಲಿರಲಿ.

ಟ್ರೈಲರ್ ಬಾಲ ಬೀಸಲು ಶುರುಮಾಡಿದರೆ ಗಾಡಿಯ ಬ್ರೇಕ್ ಒತ್ತಬೇಡಿ. ಸ್ಟಿಯರಿಂಗ್ ನೆಟ್ಟಗೆ ಹಿಡಿದು ಆಕ್ಸಲರೇಟರ್‌ನಿಂದ ಕಾಲು ತೆಗೆಯಿರಿ, ಟ್ರೈಲರಿಗೆ ಮಾತ್ರ ಬ್ರೇಕ್ ಹಾಕುವ ಕಂಟ್ರೋಲ್ ಇದ್ದರೆ ಅದನ್ನು ಬಳಸಿ. ನಿಂತ ಮೇಲೆ ಹಿಂದಿನ ಸಾಮಾನನ್ನು ಮುಂದಕ್ಕೆ ಸರಿಸಿ.

ಕಾಗದದ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಟ್ರೈಲರಿಗೆ ಪ್ರತ್ಯೇಕ ನೋಂದಣಿ, ಪ್ರತ್ಯೇಕ ನಂಬರ್ ಪ್ಲೇಟ್ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿನ್ಯಾಸ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಹಿಚ್ ಹಾಕಿಸುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಕೇಳಿ, ವಿಮೆ ಕಂಪನಿಗೂ ತಿಳಿಸಿ. ಬಾಲ್‌ನ ಅಳತೆ 50 ಮಿ.ಮೀ.ಯೋ ಎರಡು ಇಂಚೋ ಎಂದು ನೋಡಿ, ಟ್ರೈಲರಿನ ಕಪ್ಪಿಗೆ ಹೊಂದುವುದನ್ನೇ ಹಾಕಿಸಿ.

ತುಂಬಿದ ಟ್ರೈಲರ್ ಎರಡು ಟನ್ ದಾಟುತ್ತದೆ ಎಂದಾದರೆ ಗಾಡಿ ಹುಡುಕುವುದನ್ನು ನಿಲ್ಲಿಸಿ, ಟೆಂಪೊ ಟ್ರಾವೆಲರ್ ಮಾದರಿಯ ವ್ಯಾನನ್ನೇ ಮನೆಯಾಗಿಸಿದ ಕ್ಯಾಂಪರ್ ನೋಡಿ ಎನ್ನುತ್ತೇನೆ. ಕಳಚಿ ಬಿಟ್ಟು ಸುತ್ತಾಡುವ ಸೌಕರ್ಯ ಹೋಗುತ್ತದೆ, ಆದರೆ ಒಂದೇ ಗಾಡಿ, ಒಂದೇ ಬ್ರೇಕ್, ಹಿಂದಕ್ಕೆ ತೆಗೆಯುವ ಕಷ್ಟವೂ ಇಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡುತ್ತಿದ್ದರೆ ಕರಾವಳಿಯಲ್ಲೇ ಓಡಿದ ಗಾಡಿಯೋ ಎಂದು ಕೇಳಿ, ಏನೇ ಹೇಳಿದರೂ ಅಡಿಗೆ ನುಗ್ಗಿ ನೋಡಿ. ಹಿಚ್ ಕೂರುವುದು ಚಾಸಿಯ ಕಟ್ಟಕಡೆಯ ಅಡ್ಡಪಟ್ಟಿಗೆ, ಉಪ್ಪುಗಾಳಿಯ ತುಕ್ಕು ಸೇರಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. ಹೊಸದಾಗಿ ಹೊಡೆದ ಕಪ್ಪು ಬಣ್ಣ ನಂಬಬೇಡಿ. ಸ್ಪಾನರಿನಿಂದ ಪಟ್ಟಿಯುದ್ದಕ್ಕೂ ತಟ್ಟುತ್ತಾ ಹೋಗಿ. ಎಲ್ಲಾದರೂ ಸದ್ದು ಮಂಕಾದರೆ, ಅಥವಾ ಹಳೆಯ ಹಿಚ್‌ನ ಬೋಲ್ಟ್ ತೂತುಗಳ ಸುತ್ತ ಬಿರುಕು ಕಂಡರೆ, ಬೆಲೆ ಎಷ್ಟೇ ಇಳಿಸಲಿ, ಟ್ರೈಲರ್ ಕಟ್ಟಲು ಆ ಗಾಡಿ ಬೇಡ.